ಚೊಗರು ಹಿಡಿದ ಕಣ್ಣು

ನಮ್ಮತ್ತೆ ದ್ಯಾಮಮ್ಮನವರ ಬಾಯಿಗೆ ಬಸವಾಪಟ್ಟಣದ ನಮ್ಮ ಓಣಿಯಲ್ಲಿ ಹೆದರದವರಿಲ್ಲ, ಅವರ ಕಣ್ಣನ್ನು ನಂಬದವರೂ ಇರಲಿಲ್ಲ. ಅಡಿಕೆ ಬೇಯಿಸುವ ಕಾಲ ಬಂತೆಂದರೆ ಅಕ್ಕಪಕ್ಕದ ಮನೆಯವರೂ ಅವರು ಬಂದು ನೋಡುವ ತನಕ ಹಂಡೆಯಿಂದ ಅಡಿಕೆ ಎತ್ತುತ್ತಿರಲಿಲ್ಲ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವರು, ತೂತಿನ ಸೌಟಿನಲ್ಲಿ ಒಂದಿಷ್ಟು ಅಡಿಕೆ ಎತ್ತಿ ಬಿಸಿಲಿಗೆ ಹಿಡಿಯುವರು. 'ಸಾಕು' ಅಂದರೆ ಸಾಕು. 'ಇನ್ನೊಂದು ಚೊಂಬು ಚೊಗರು ಹಾಕು' ಅಂದರೆ ಹಾಕಬೇಕು. ಅಡಿಕೆ ಬೆಂದ ನೀರು ಬತ್ತಿ ಬತ್ತಿ ಗಟ್ಟಿಯಾದ ಕಂದು ರಸವೇ ಚೊಗರು, ಅಡಿಕೆಗೆ ಕೆಂಪು ಹಿಡಿಸುವುದು ಅದೇ. ಪ್ರತಿ ವರ್ಷ ಉಳಿದದ್ದನ್ನು ಡ್ರಮ್ಮಿನಲ್ಲಿ ತೆಗೆದಿಟ್ಟು ಮುಂದಿನ ವರ್ಷಕ್ಕೆ ಬಳಸುತ್ತೇವೆ. ನಮ್ಮ ಮನೆಯ ಚೊಗರು ತಾವು ಮದುವೆಯಾಗಿ ಬಂದ ಕಾಲದಿಂದ ಮುರಿಯದೆ ಬಂದದ್ದು ಎಂಬುದು ಅತ್ತೆಯ ಹೆಮ್ಮೆ. ನಾನು ನ್ಯಾಮತಿಯಿಂದ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಯಿತು. ಆ ಡ್ರಮ್ಮನ್ನು ಎತ್ತುವುದಕ್ಕೆ, ತೊಳೆಯುವುದಕ್ಕೆ ನಾನು, ಈ ಸಂಧ್ಯಾರಾಣಿ, ಬೇಕು. ಬಣ್ಣ ಹೇಳುವುದಕ್ಕೆ ಮಾತ್ರ ಬೇಡ.

ಈ ವರ್ಷ ಮೊದಲ ಕೊಯ್ಲಿನ ಅಡಿಕೆಗೆ ಅತ್ತೆ 'ಸಾಕು' ಅಂದಾಗ ನನಗೆ ಅನುಮಾನ ಬಂತು. ಸೌಟಿನಲ್ಲಿದ್ದ ಅಡಿಕೆ ಜ್ವರ ಬಿದ್ದು ಎದ್ದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಇನ್ನೂ ಬಣ್ಣ ಹಿಡಿದಿಲ್ಲವಲ್ಲ ಅತ್ತೆ ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸೂಜಿಗೆ ದಾರ ಪೋಣಿಸಾಕೆ ಕನ್ನಡಕ ಹುಡುಕೋಳು ನೀನು. ನಿನ್ನ ಕಣ್ಣಿಗೇನು ಗೊತ್ತಾಗ್ತೈತೆ?"

ಅದೂ ನಿಜವೇ. ನನಗೆ ನಲವತ್ತು ದಾಟುತ್ತಲೇ ಹತ್ತಿರದ ಅಕ್ಷರ ಮಸುಕಾಗತೊಡಗಿತ್ತು. ಎಪ್ಪತ್ತು ದಾಟಿದ ಅತ್ತೆ ಹಿತ್ತಲಿನ ಬಿಸಿಲಲ್ಲಿ ಕೂತು ಬರಿಗಣ್ಣಲ್ಲಿ ದಾರ ಪೋಣಿಸುತ್ತಿದ್ದರು. ಹತ್ತು ವರ್ಷದ ಹಿಂದೆ ಕೊಂಡ ಕನ್ನಡಕವನ್ನು ಈಚೆಗೆ ಬಿಸಾಕಿ, ಎಲ್ಲ ಶಿವನ ಕೃಪೆ ಎಂದು ಊರಿಗೆಲ್ಲ ಹೇಳಿದ್ದರು. ಅಂಥವರ ಎದುರು ನನ್ನ ಮಾತು ಯಾರು ಕೇಳುತ್ತಾರೆ? ಓಣಿಯವರಿಗೂ ಅಡಿಕೆ ಬಿಳಿಚಿದ್ದು ಕಾಣದೆ ಇರಲಿಲ್ಲ. ಆದರೆ ದ್ಯಾಮಮ್ಮ ಸಾಕು ಅಂದ ಮೇಲೆ ಬಿಸಿಲಿಗೆ ಬಿದ್ದು ಕೆಂಪಾಗುತ್ತದೆ ಬಿಡು ಎಂದುಕೊಂಡರು.

ಕೆಂಪಾಗಲಿಲ್ಲ. ಚನ್ನಗಿರಿಯ ಅಡಿಕೆ ಮಂಡಿಯ ಸಾಹುಕಾರ ಮಲ್ಲಿಕಾರ್ಜುನಪ್ಪ ಚೀಲಕ್ಕೆ ಕೈ ಹಾಕಿ ಮುಷ್ಟಿ ತೆಗೆದು ನೋಡಿ, ಇದನ್ನು ಯಾರು ಬೇಯಿಸಿದ್ದು ಎಂದು ನನ್ನ ಗಂಡ ಮಹಾಂತೇಶನನ್ನು ನಾಲ್ಕು ಜನರ ಎದುರಿಗೆ ಕೇಳಿದರಂತೆ. ನಮ್ಮ ಡ್ರಮ್ಮಿನ ಚೊಗರನ್ನೇ ಒಯ್ದು ಹಾಕಿದ್ದ ಪಕ್ಕದ ಮನೆ ಬೈಲಪ್ಪನವರ ಅಡಿಕೆಗೂ ಅದೇ ಮರ್ಯಾದೆಯಾಯಿತು. ಅವತ್ತು ಸಂಜೆ ಅತ್ತೆ ಜಗಲಿ ಮೇಲೆ ನಿಂತು ತೀರ್ಪು ಕೊಟ್ಟುಬಿಟ್ಟರು. ತಾವು ನೋಡಿದಾಗ ಅಡಿಕೆ ಕೆಂಪಗಿತ್ತಂತೆ. ಸೊಸೆ ಡ್ರಮ್ ತೊಳೆಯುವ ನೆವದಲ್ಲಿ ಹಳೇ ಚೊಗರು ಚೆಲ್ಲಿ ನೀರು ಬೆರೆಸಿಟ್ಟಿದ್ದಾಳಂತೆ. ಮಾರನೆಯ ದಿನಕ್ಕೆ ಆ ಮಾತು ಓಣಿಯ ಕೊನೆಯ ಮನೆ ಮುಟ್ಟಿತ್ತು. ನೀರಿಗೆ ಹೋದರೆ ಹೆಂಗಸರು ನನ್ನ ಕೊಡದ ಕಡೆ ನೋಡಿ ನಗುವರು. ನನ್ನ ಗಂಡ ಅಮ್ಮನಿಗೂ ಏನೂ ಅನ್ನಲಿಲ್ಲ, ನನಗೂ ಅನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ ಅವರು. ಮುಂದಿನ ವರ್ಷದಿಂದ ಫಸಲನ್ನು ಮರದ ಮೇಲೇ ಖೇಣಿಗೆ ಕೊಟ್ಟುಬಿಡುವುದು, ಕೊಂಡವರೇ ಕೊಯ್ದುಕೊಂಡು ಹೋಗಲಿ, ಮನೆಯಲ್ಲಿ ಹಂಡೆಯೇ ಬೇಡ ಎಂದು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು.

ಅತ್ತೆ ಕೈ ತೊಳೆದುಕೊಂಡು ಎದ್ದುಹೋದರು. ಆಮೇಲೆ ಅವರ ಬಾಯಿ ಕೂಡ ಸಣ್ಣದಾಯಿತು. ಬೈದರೆ ಸಹಿಸಿಕೊಳ್ಳಬಹುದಿತ್ತು, ಆ ಮೌನವನ್ನು ಸಹಿಸಲು ಆಗುತ್ತಿರಲಿಲ್ಲ.

ನಿಜ ಹೇಳುತ್ತೇನೆ, ಆಗೆಲ್ಲ ನನಗೆ ಅವರ ಕಣ್ಣಿನ ಮೇಲೆ ಸಂಶಯವೇ ಬಂದಿರಲಿಲ್ಲ. ನನ್ನ ಮೇಲಿನ ಹೊಟ್ಟೆಕಿಚ್ಚು ಎಂದೇ ತಿಳಿದಿದ್ದೆ. ಯಾಕೆಂದರೆ ಒಂದು ವರ್ಷದಿಂದ ನಾನು ಮಾಡಿದ್ದೆಲ್ಲ ಕೊಳೆ. ಒಗೆದ ಪಂಚೆ ಹಳದಿ. ಕರೆದ ಹಾಲು ಕಂದು. ರಂಗೋಲಿ ಪುಡಿ ಬರೀ ಮಣ್ಣು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಎಂದು ಒಳಗೊಳಗೇ ಬೈದುಕೊಂಡು ಸುಮ್ಮನಿರುತ್ತಿದ್ದೆ. ಗಾದೆ ಬಾಯಲ್ಲೇ ಇತ್ತು, ಬುದ್ಧಿ ಮಾತ್ರ ಅದರ ಹತ್ತಿರ ಹೋಗಲಿಲ್ಲ.

ಕಣ್ಣು ತೆರೆಸಿದ್ದು ವಿಭೂತಿ. ಅತ್ತೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಎಂಥ ಸಿಟ್ಟಿದ್ದರೂ ಒಂದು ಕೆಟ್ಟ ಮಾತು ಆಡುವವರಲ್ಲ. ಅವತ್ತು ಅವರು ಹೊಸ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬಂದರು, ತಿರುಗಿಸಿ ತಿರುಗಿಸಿ ನೋಡಿದರು. ಮಗ ತಂದುಕೊಟ್ಟಿದ್ದ ಹಿಂದಿನ ಗಟ್ಟಿಗಳನ್ನೂ ಸರಿಯಿಲ್ಲ ಎಂದು ವಾಪಸು ಕಳಿಸಿದ್ದರು. ಈ ಸಲ ಬೈಯಲಿಲ್ಲ. ಅಲ್ಲೇ ಹೊಸ್ತಿಲ ಹತ್ತಿರ ಕೂತು, "ಶಿವ ನನ್ನ ಕೈಯಾಗಿನ ವಿಭೂತಿನೂ ಮಣ್ಣು ಮಾಡಿದನಲ್ಲ" ಎಂದು ಕಣ್ಣೀರು ಹಾಕಿದರು. ನಾನು ಹತ್ತಿರ ಹೋಗಿ ನೋಡಿದೆ. ಗಟ್ಟಿ ಹಾಲಿನಷ್ಟು ಬಿಳಿ ಇತ್ತು. ನನ್ನ ಮೇಲಾದರೆ ಸುಳ್ಳು ಹೇಳಿಯಾರು, ವಿಭೂತಿಯ ಮೇಲೆ ಹೇಳುವವರಲ್ಲ. ಹಾಗಾದರೆ ಕೆಟ್ಟಿರುವುದು ಅವರ ಕಣ್ಣೇ ಎಂದು ನನಗೆ ಆಗ ಹೊಳೆಯಿತು.

ಡಾಕ್ಟರ ಹತ್ತಿರ ಹೋಗೋಣ ಅಂದರೆ ಕೇಳುತ್ತಾರೆಯೇ? ಸೂಜಿ ಪೋಣಿಸುವ ಕಣ್ಣಿಗೆ ಡಾಕ್ಟರ್ ಯಾಕೆ ಎಂದರು. ತನ್ನ ತಪ್ಪು ಮುಚ್ಚಿಕೊಳ್ಳಲು ಸೊಸೆ ನನ್ನನ್ನು ಕುರುಡಿ ಮಾಡುತ್ತಿದ್ದಾಳೆ ಎಂದು ಜಗಲಿಗೆ ಬಂದು ಕೂಗಿದರು. ನನಗೂ ಸಿಟ್ಟು ನೆತ್ತಿಗೇರಿತು. ಓಣಿಯ ಹೆಂಗಸರು ನಿಂತು ನೋಡುತ್ತಿರುವಾಗಲೇ ಹೇಳಿದೆ.

"ಆತು ಅತ್ತೆ. ಕಣ್ಣಿನ ಡಾಕ್ಟ್ರು ನಿಮ್ಮ ಕಣ್ಣು ಸರಿ ಐತೆ ಅಂದ್ರೆ, ಇದೇ ಜಗಲಿ ಮ್ಯಾಲೆ ನಿಂತು ಚೊಗರಿಗೆ ನೀರು ಬೆರೆಸಿದ್ದು ನಾನೇ ಅಂತ ಒಪ್ಕೊಂತೀನಿ."

ಅತ್ತೆ ಕಣ್ಣು ಮಿಟುಕಿಸಿದರು. ಗೆಲ್ಲುವ ಆಟ ಬಿಡುವವರಲ್ಲ ಅವರು. ನಾಳೆಯೇ ನಡಿ ಎಂದರು.

ನನಗೆ ಗೊತ್ತಿದ್ದ ಕಣ್ಣಿನ ಡಾಕ್ಟರ್ ಅಂದರೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಕನ್ನಡಕದ ಅಂಗಡಿಯ ವಿನೋದ್. ನನ್ನ ಕನ್ನಡಕ ಕೊಟ್ಟದ್ದೂ ಅವರೇ. ಅವರು ಅತ್ತೆಯ ಕೈಗೆ ಸಣ್ಣ ಅಕ್ಷರದ ಕಾರ್ಡು ಕೊಟ್ಟರು. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, ನಾಲ್ಕನೇ ಕ್ಲಾಸಿನ ಮಕ್ಕಳು ಪಾಠ ಒಪ್ಪಿಸುವ ಹಾಗೆ ಕೊನೆಯ ಸಾಲಿನ ತನಕ ಓದಿ ನನ್ನ ಕಡೆ ನೋಡಿದರು. ಜಗಲಿ ಮೇಲೆ ನಿಂತು ಏನು ಹೇಳಬೇಕೆಂದು ಅಲ್ಲೇ ಮಾತು ಜೋಡಿಸಿಕೊಳ್ಳತೊಡಗಿದೆ. ಆಮೇಲೆ ವಿನೋದ್ ಗೋಡೆಯ ಮೇಲಿನ ದೊಡ್ಡ ಅಕ್ಷರ ತೋರಿಸಿದರು. ಮೇಲಿನ ಸಾಲು ದಾಟುತ್ತಲೇ ಅತ್ತೆ ನಿಂತರು. ಗಾಜಿನ ಮೇಲೆ ಗಾಜು ಹಾಕಿದರೂ ಅಲ್ಲಿಂದ ಮುಂದೆ ಹೋಗಲಿಲ್ಲ. ನಿನ್ನ ಅಂಗಡಿಯಲ್ಲಿ ಬೆಳಕು ಕಮ್ಮಿ ಎಂದು ಅತ್ತೆ ಅವರನ್ನೇ ಬೈದರು.

"ಅಮ್ಮಾ, ನಾನು ಡಾಕ್ಟರ್ ಅಲ್ಲರೀ," ಎಂದರು ವಿನೋದ್. "ಕನ್ನಡಕದ ನಂಬರ್ ನೋಡಾಕೆ ಕಲ್ತೋನು. ಇದು ಗಾಜಿನಿಂದ ಹೋಗೋದಲ್ಲ. ಕಣ್ಣಿನ ಒಳಗೆ ನೋಡೋರು, ಆಪರೇಷನ್ ಮಾಡೋರು ಬೇರೆ ಇರ್ತಾರೆ. ಅಂಥೋರಿಗೇ ತೋರಿಸ್ರಿ."

ಅಂಥವರು ಎಲ್ಲಿ ಸಿಗುತ್ತಾರೆ ಎಂಬುದೇ ನಂತರದ ಪಾಡು. ನ್ಯಾಮತಿಯ ನಮ್ಮಕ್ಕನಿಗೆ ಫೋನು ಮಾಡಿದರೆ ಸಾಸ್ವೆಹಳ್ಳಿಯಲ್ಲಿ ಶಿಬಿರ ಇದೆ ಅಂದಳು. ವಿಚಾರಿಸಿದರೆ ಶಿಬಿರ ಮುಗಿದು ಪೆಂಡಾಲ್ ಬಿಚ್ಚಿದ್ದರು. ಇನ್ನೊಬ್ಬರು ಕೊಟ್ಟ ನಂಬರಿಗೆ ಹಚ್ಚಿದರೆ ಅವರು ಕಿವಿ ಮೂಗಿನ ಡಾಕ್ಟರು. ಕನ್ನಡಕ ಕೊಡುವವರೋ, ಒಳಗೆ ನೋಡುವವರೋ ಎಂದು ನಾನು ಎಲ್ಲರನ್ನೂ ಕೇಳುತ್ತಿದ್ದೆ. ಎರಡೂ ಒಂದೇ ಅಲ್ಲವಾ ಎಂದು ಅವರೇ ನನ್ನನ್ನು ತಿರುಗಿ ಕೇಳುತ್ತಿದ್ದರು. ಕೊನೆಗೆ ದಾರಿ ತೋರಿಸಿದವರು ಬೈಲಪ್ಪನವರು. ಅವರ ತಮ್ಮನ ಕಣ್ಣಿಗೆ ಆಪರೇಷನ್ ಮಾಡಿದ ಡಾಕ್ಟರು ಹೊನ್ನಾಳಿಯಲ್ಲೇ ಇದ್ದರು.

ಡಾಕ್ಟರ್ ಮೇಘಶ್ರೀ ನನಗಿಂತ ಚಿಕ್ಕವರು. ಜಗಳೂರು ತಾಲ್ಲೂಕಿನ ಸೊಕ್ಕೆಯವರಂತೆ. ಅತ್ತೆಯ ಕೆಲಸ ಏನೆಂದು ಕೇಳಿದರು, ಅಡಿಕೆ ಬೇಯಿಸುವಾಗ ಚೊಗರಿನ ಬಣ್ಣ ನೋಡುವುದು ಎಂದೆ. ನಮ್ಮ ಜಗಳೂರು ಕಡೆ ಮಳೆ ನಂಬಿದ ಹೊಲಗಳೇ, ಅಡಿಕೆ ಬೇಯಿಸುವುದನ್ನು ಕಂಡೇ ಇಲ್ಲ, ಚೊಗರು ಅಂದರೇನು ಹೇಳಿ ಎಂದು ಗಲ್ಲಕ್ಕೆ ಕೈ ಕೊಟ್ಟು ಕೂತರು. ಅತ್ತೆ ಖುಷಿಯಾಗಿ ಒಲೆ ಹಚ್ಚುವುದರಿಂದ ಶುರುಮಾಡಿದರು. ಹೊರಗೆ ಜನ ಕಾಯುತ್ತಿದ್ದಾರೆ, ಇವರು ಹರಟೆ ಹೊಡೆಯುತ್ತಿದ್ದಾರಲ್ಲ ಎಂದು ನನಗೆ ಕಸಿವಿಸಿ. ಮಾತಿನ ನಡುವೆ ಡಾಕ್ಟರು ಮೇಜಿನಿಂದ ಎರಡು ದಾರದ ಉಂಡೆ ತೆಗೆದು ಯಾವ ಬಣ್ಣ ಎಂದು ಕೇಳಿದರು. ಎರಡೂ ಕಪ್ಪು ಎಂದರು ಅತ್ತೆ. ಒಂದು ಕಡು ನೀಲಿ ಇತ್ತು. ಹರಟೆಯಲ್ಲ ಅದು, ಪರೀಕ್ಷೆ ಎಂದು ಆಗ ನನಗೆ ಅರ್ಥವಾಯಿತು.

ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಪಾಪೆ ಅಗಲವಾದ ಮೇಲೆ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ದಾರದಷ್ಟು ಸಣ್ಣ ಬೆಳಕನ್ನು ಕಣ್ಣೊಳಗೆ ಬಿಟ್ಟರು. ಅದು ಪಕ್ಕದ ಟೀವಿಯಲ್ಲಿ ಮೂಡಿತು. ಬನ್ನಿ ಅಮ್ಮ, ನೋಡಿ ಎಂದು ನನ್ನನ್ನು ಕರೆದರು.

ನಾನು ನೋಡಿದೆ. ದಿನಾ ನನ್ನನ್ನು ದುರುಗುಟ್ಟುತ್ತಿದ್ದ ಕಣ್ಣು ತಟ್ಟೆಯಗಲ ನಿಂತಿತ್ತು. ಮೇಲೆ ನೀರಿನಂಥ ಪಾರದರ್ಶಕ ಪದರ, ಅದರ ಹಿಂದೆ ಎಳೆ ಎಳೆಯಾದ ಕಂದು ಬಳೆ. ಅದರ ನಡುವಿನ ಬಾಗಿಲು ದಾಟಿ ಬೆಳಕು ಒಳಗೆ ಹೋಗಿತ್ತು. ಅಲ್ಲಿ, ಕಣ್ಣಿನ ನಟ್ಟನಡುವೆ, ಒಂದು ಅಡಿಕೆ ಕೂತಿತ್ತು. ಚೆನ್ನಾಗಿ ಬೆಂದು ಚೊಗರು ಕುಡಿದ ಅಡಿಕೆಯ ಬಣ್ಣ, ಸ್ವಲ್ಪವೂ ಕಮ್ಮಿಯಿಲ್ಲ. ಹುಟ್ಟಿದಾಗ ಇದು ಗಾಜಿನಷ್ಟು ತಿಳಿಯಾಗಿರುತ್ತದೆ, ಕಣ್ಣಿನೊಳಗೆ ಇರುವ ಮಸೂರ ಇದೇ, ಪೊರೆ ಬಂದು ಹೀಗಾಗಿದೆ ಎಂದರು ಡಾಕ್ಟರು. ಅತ್ತೆ ಇದರ ಮೂಲಕವೇ ಅಡಿಕೆ ನೋಡುತ್ತಿದ್ದರು. ಇದರ ಮೂಲಕವೇ ಹಾಲು, ಪಂಚೆ, ವಿಭೂತಿ, ನಾನು.

ಡಾಕ್ಟರು ಆ ಚಿತ್ರವನ್ನು ನಿಲ್ಲಿಸಿ ಅತ್ತೆಗೂ ತೋರಿಸಿದರು. ಅತ್ತೆ ಟೀವಿಗೆ ಮುಖ ತಾಗಿಸಿ ಬಹಳ ಹೊತ್ತು ನೋಡಿದರು.

"ಬಣ್ಣ ಭಾಳ ಚಂದಾಗಿ ಹಿಡಿದೈತೆ," ಎಂದರು.

ಡಾಕ್ಟರು ನಕ್ಕರು. ನನಗೂ ನಗು ಬಂತು.

ಸೂಜಿ ಪೋಣಿಸುತ್ತೇನಲ್ಲ ಎಂದು ಅತ್ತೆ ಕೊನೆಯ ಅಸ್ತ್ರ ಬಿಟ್ಟರು. ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಈ ಥರದ ಪೊರೆ ಬಲಿಯುವಾಗ ಹತ್ತಿರದ್ದು ಸ್ವಲ್ಪ ಕಾಲ ಮೊದಲಿಗಿಂತ ಚೆನ್ನಾಗಿ ಕಾಣುವುದುಂಟು, ಆರುವ ದೀಪ ಒಮ್ಮೆ ಜೋರಾಗಿ ಉರಿಯುವುದಿಲ್ಲವೇ ಹಾಗೆ ಎಂದರು. ಆಮೇಲೆ ಕಣ್ಣಿನ ಹಿಂಭಾಗದ ಪರದೆಯನ್ನೂ ನೋಡಬೇಕೆಂದು ಇನ್ನೊಂದು ಯಂತ್ರಕ್ಕೆ ಕೂರಿಸಿದರು. ಅತ್ತೆಯದು ಹೊಗೆಯ ಆಚೆಗಿದ್ದ ಹಾಗೆ ಮಸುಕಾಗಿ ಬಂತು. ಚೆನ್ನಾಗಿದ್ದರೆ ಹೇಗಿರುತ್ತದೆ ಎಂದು ಕೇಳಿದೆ. ಕೂತುಕೊಳ್ಳಿ, ನಿಮ್ಮದೇ ತೋರಿಸುತ್ತೇನೆ ಎಂದರು.

ಕೆಂಡದ ಬಣ್ಣದ ಬಯಲು. ಒಂದು ಪಕ್ಕಕ್ಕೆ ಬೆಳ್ಳಗೆ ಹೊಳೆಯುವ ಬಿಲ್ಲೆ, ಅದರಿಂದ ಹೊರಟು ಕವಲೊಡೆದ ಕೆಂಪು ನಾಳಗಳು. ಅದು ನಾನು. ಹದಿನೆಂಟು ವರ್ಷ ಆ ಮನೆಯಲ್ಲಿ ಪಾತ್ರೆ ಉಜ್ಜಿದ, ಬೈಸಿಕೊಂಡ ಸಂಧ್ಯಾರಾಣಿಯ ಒಳಗೆ ಇಂಥದ್ದೊಂದು ಇದ್ದದ್ದು ನನಗೇ ತಿಳಿದಿರಲಿಲ್ಲ. ಚರ್ಮ ಕುಯ್ಯದೆ ಮನುಷ್ಯರ ರಕ್ತನಾಳವನ್ನೂ ನರವನ್ನೂ ಕಣ್ಣಾರೆ ನೋಡಬಹುದಾದ ಜಾಗ ಇದು, ಸಕ್ಕರೆ ಕಾಯಿಲೆ, ಬಿಪಿ ಕೆಲವು ಸಲ ನಮಗೆ ಮೊದಲು ಇಲ್ಲೇ ಕಾಣುತ್ತದೆ, ಕನ್ನಡಕ ನಮ್ಮ ಕೆಲಸದ ಹೊಸ್ತಿಲು ಅಷ್ಟೇ ಎಂದರು ಡಾಕ್ಟರು. ನಾನು ಕೈಮುಗಿದುಬಿಟ್ಟೆ. ಅವರಿಗೋ, ಆ ಚಿತ್ರಕ್ಕೋ, ನನಗೇ ಗೊತ್ತಾಗಲಿಲ್ಲ.

ಒಂದು ಕಣ್ಣಿಗೆ ಮೊದಲು ಆಪರೇಷನ್ ಎಂದಾಯಿತು. ಆ ದಿನ ಹಸಿರು ಟೋಪಿ ಹಾಕಿ ಕೂರಿಸಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಮೊದಲ ಸಲ.

"ಕಣ್ಣು ಹೋದ್ರೆ ಹೆಂಗೇ ಸಂಧ್ಯಾ? ಹಂಡೆ ಮುಂದೆ ನಿಂದ್ರಾಕೆ ಆಗದಿದ್ರೆ ನಾನಿದ್ದು ಏನು ಮಾಡ್ಲಿ?"

ನನಗೂ ಅದೇ ಭಯವಿತ್ತು. ಕರೆತಂದವಳು ನಾನು. ಏನಾದರೂ ಹೆಚ್ಚುಕಮ್ಮಿಯಾದರೆ ಊರು ಬಿಡಿ, ನನ್ನ ಮನಸ್ಸೇ ನನ್ನನ್ನು ಬಿಡುತ್ತಿರಲಿಲ್ಲ. ಏನೂ ಆಗಲ್ಲ ಬಿಡ್ರಿ ಎಂದೆ.

ಒಳಗೆ ನಡೆಯುವುದು ಹೊರಗಿನ ಟೀವಿಯಲ್ಲಿ ಕಾಣುತ್ತಿತ್ತು. ಮಹಾಂತೇಶ ನೋಡಲಾರೆ ಎಂದು ಹೊರಗೆ ಹೋಗಿ ಟೀ ಅಂಗಡಿ ಹತ್ತಿರ ನಿಂತರು. ನಾನು ಸೆರಗು ಕಚ್ಚಿಕೊಂಡು ನೋಡಿದೆ. ಅತ್ತೆ ಎಚ್ಚರವಾಗಿಯೇ ಇದ್ದರು. ಕಣ್ಣಂಚಿನಲ್ಲಿ ಕಂಡೂ ಕಾಣದಷ್ಟು ಸಣ್ಣ ಗಾಯ ಮಾಡಿದರು. ಈರುಳ್ಳಿಯ ಒಳಪೊರೆಗಿಂತ ತೆಳುವಾದ ಸಿಪ್ಪೆಯನ್ನು ಗುಂಡಗೆ ಸುಲಿದರು. ಆಮೇಲೆ ಒಂದು ಸೂಜಿಯಂಥ ಕೊಳವೆ ಒಳಗೆ ಹೋಗಿ, ಆ ಕಂದು ಗಟ್ಟಿಯನ್ನು ಹೋಳು ಮಾಡಿ, ಪುಡಿ ಮಾಡಿ, ಹೀರತೊಡಗಿತು. ಹೋಳು ಹೋದಲ್ಲೆಲ್ಲ ಒಳಗಿನಿಂದ ಕೆಂಪು ಬೆಳಕು ಎದ್ದು ಬಂತು. ಕೊನೆಗೆ ಮಡಚಿದ ಒಂದು ಲೆನ್ಸನ್ನು ಆ ಸಣ್ಣ ಗಾಯದಿಂದಲೇ ಒಳಗೆ ಬಿಟ್ಟರು. ಅದು ನಿಧಾನವಾಗಿ ತಾನೇ ಬಿಚ್ಚಿಕೊಂಡು ತನ್ನ ಜಾಗದಲ್ಲಿ ಕೂತಿತು. ಅಷ್ಟು ಹೊತ್ತೂ ಡಾಕ್ಟರ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ತೆರೆದು ಗೋಡೆ ನೋಡಿದರು. "ರಾತ್ರೋರಾತ್ರಿ ಸುಣ್ಣ ಬಳಿದ್ರೇನು?" ಎಂದರು. ಯಾರೂ ಬಳಿದಿಲ್ಲ ಎಂದರೆ ನಂಬಲಿಲ್ಲ. ಆಪರೇಷನ್ ಆದ ಕಣ್ಣು ಮುಚ್ಚಿ ನೋಡಿದರು, ಆಗದ ಕಣ್ಣು ಮುಚ್ಚಿ ನೋಡಿದರು, ಮತ್ತೆ ಅದನ್ನೇ ಮಾಡಿದರು. ಆಮೇಲೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಅಂಗೈ ಮೇಲೆ ಇಟ್ಟುಕೊಂಡರು. ಅದನ್ನು ನೋಡುತ್ತಾ ನೋಡುತ್ತಾ ಅವರ ಕಣ್ಣು ತುಂಬಿಬಂತು. ಅಳಬೇಡಿ ಅಜ್ಜಿ, ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರು ಹೇಳಿದರು. ಹಾಗೆಂದ ಡಾಕ್ಟರ ಕಣ್ಣೂ ತೇವವಾಗಿತ್ತು.

ಬರುವಾಗ ತುಂಗಭದ್ರೆಯ ಸೇತುವೆ ಮೇಲೆ ಅತ್ತೆ ಕಪ್ಪು ಕನ್ನಡಕದ ಅಂಚಿನಿಂದ ಮೇಲೆ ನೋಡುತ್ತಲೇ ಇದ್ದರು. ಆಕಾಶಕ್ಕೆ ಇಷ್ಟು ನೀಲಿ ಇತ್ತೇನೇ ಎಂದು ನನ್ನನ್ನು ಕೇಳಿದರು. ಇತ್ತು ಅತ್ತೆ ಎಂದೆ. ಜಗಲಿಯ ಪಂದ್ಯದ ಮಾತನ್ನು ಅವರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಕಾಯುತ್ತಿದ್ದೆ. ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡನೇ ಕೊಯ್ಲಿನ ಅಡಿಕೆ ಬಂತು. ಹೊಗೆಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹಿತ್ತಲಿನಲ್ಲಿ ಹಂಡೆ ಕುದಿಯುತ್ತಿದ್ದರೆ ಅತ್ತೆ ಮುಂದಿನ ಜಗಲಿಯಲ್ಲಿ ಕೂತು ಚಡಪಡಿಸುತ್ತಿದ್ದರು. ನಾನು ಪಿಂಗಾಣಿ ತಟ್ಟೆಯಲ್ಲಿ ಅಡಿಕೆ ಹಾಕಿಕೊಂಡು ಹೋಗಿ ಮುಂದೆ ಹಿಡಿದೆ. ಬೈಲಪ್ಪನವರು, ಅವರ ಮನೆಯವರು, ಓಣಿಯ ಹೆಂಗಸರು ಎಲ್ಲ ಸೇರಿದ್ದರು. ಮಹಾಂತೇಶ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕಪ್ಪು ಕನ್ನಡಕ ತೆಗೆದು ಹಳೇ ಕಣ್ಣಿನಿಂದ ನೋಡಿದರು. ಅದನ್ನು ಮುಚ್ಚಿ ಹೊಸ ಕಣ್ಣಿನಿಂದ ನೋಡಿದರು. ಹಳೇ ಕಣ್ಣಿಗೆ ಕೆಂಪಗಿದ್ದ ಅಡಿಕೆ ಹೊಸ ಕಣ್ಣಿಗೆ ಬಿಳಿಚಿಕೊಂಡಿದೆ ಎಂಬುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಟ್ಟೆಯನ್ನು ತೊಡೆ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದರು.

"ಚೊಗರು ಸರಿ ಐತೆ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಮೊದಲ್ನೇ ಸಲಾನೂ ಸರಿ ಇತ್ತು. ಯಾರೂ ನೀರು ಬೆರೆಸಿರಲಿಲ್ಲ. ಚೊಗರು ನನ್ನ ಕಣ್ಣಿಗೆ ಹಿಡಿದಿತ್ತು."

ಅಷ್ಟು ಸಾಕಾಗಿತ್ತು ನನಗೆ. ತಟ್ಟೆ ತೆಗೆದುಕೊಂಡು ಹೊರಡಲು ಕೈ ಚಾಚಿದೆ. ಅತ್ತೆ ತಟ್ಟೆ ಬಿಡಲಿಲ್ಲ. ಅದನ್ನು ನನ್ನ ಮುಖದ ಹತ್ತಿರ ಎತ್ತಿ ಹಿಡಿದರು.

"ನಿನ್ನ ಕಣ್ಣಿಗೆ ಹೆಂಗೆ ಕಾಣ್ತೈತೆ, ಹೇಳು."

ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ತಟ್ಟೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡುತ್ತಾ ನಿಂತೆ.

"ಬಾಯಿ ಬಿಡೇ. ಅಲ್ಲಿ ಒಲೆ ಉರೀತೈತೆ."

"ಇನ್ನೊಂದು ಚೊಂಬು ಬೇಕು ಅತ್ತೆ," ಎಂದೆ.

"ಹಾಕು ಹಂಗಾದ್ರೆ." ಆಮೇಲೆ ಬಾಗಿಲಲ್ಲಿದ್ದ ಮಗನ ಕಡೆ ತಿರುಗಿ, "ಖೇಣಿಯೋರಿಗೆ ಬ್ಯಾಡ ಅನ್ನು. ನಮ್ಮನೆಯಾಗೆ ಬಣ್ಣ ನೋಡೋರು ಇಬ್ರದೀವಿ" ಎಂದರು.

ನಾನು ಹಿತ್ತಲಿಗೆ ಓಡಿದೆ. ಡ್ರಮ್ಮಿನ ಮುಚ್ಚಳ ತೆಗೆದು ಚೊಂಬು ಅದ್ದಿದೆ. ಕಣ್ಣು ಧಾರಾಕಾರವಾಗಿ ಸುರಿಯುತ್ತಿತ್ತು. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು.